ಮೈಯೊಳಗಿನ ಅಭಿಜ್ಞಾನ

(ಬಾನುಲಿ ಭಾಷಣ)

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಹಳಗನ್ನಡವನ್ನೂ ವ್ಯಾಕರಣವನ್ನೂ ಪಾಠ ಹೇಳಿ ಈಗ ನಿವೃತ್ತನಾಗಿರುವ ನನ್ನಂಥವನು ವೈದ್ಯಶಾಸ್ತ್ರದ ವಿಷಯವೊಂದನ್ನು ಎತ್ತಿಕೊಂಡು ಮಾತನಾಡಹೊರಟರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಅದರಲ್ಲಿಯೂ ನಾಲ್ಕು ಜನರ ನಡುವೆ ನಾವು ಹೆಸರೆತ್ತದ ಅಂಗವೊಂದರ ಕಾಯಿಲೆ ಇಂದಿನ ವಿಷಯ. ಆದರೆ ಹೆಸರೆತ್ತದೆ ಇರುವುದೇ ಇಲ್ಲಿ ರೋಗಕ್ಕೆ ಅರ್ಧ ಬಲ. ಹೆಸರಿನ ಪ್ರಶ್ನೆ ಬಂದಾಗ ಭಾಷೆಯ ಮೇಷ್ಟರಿಗೂ ಅಲ್ಲಿ ಒಂದಿಷ್ಟು ಕೆಲಸವಿದೆ ಎಂದು ನಾನು ನಂಬಿದ್ದೇನೆ. ವೃಷಣ ಎಂಬುದು ಸಂಸ್ಕೃತದಿಂದ ಬಂದ ಮಾತು. ಪಠ್ಯಪುಸ್ತಕದಲ್ಲಿ ಅಚ್ಚಾಗುವುದಕ್ಕೆ ಯೋಗ್ಯವೆನಿಸಿದರೂ ಹದಿಹರೆಯದ ಹುಡುಗನ ನಾಲಗೆಗೆ ಅದು ಹತ್ತುವುದಿಲ್ಲ. ತರಡು ಎಂಬ ಅಚ್ಚಗನ್ನಡ ಪದವನ್ನು ಬೈಗುಳದ ಸಾಲಿಗೆ ತಳ್ಳಿಬಿಟ್ಟಿದ್ದೇವೆ. ಬೀಜ ಎಂಬ ಮಾತನ್ನು ನಮ್ಮ ರೈತರು ಹೋರಿಯ ವಿಷಯದಲ್ಲಿ ಸಂಕೋಚವಿಲ್ಲದೆ ಆಡುತ್ತಾರೆ. ಮಗನ ವಿಷಯದಲ್ಲಿ ಆಡಲಾರರು. ಹೀಗೆ ಮೂರು ಮಾತುಗಳಿದ್ದೂ ಮನೆಯೊಳಗೆ ಆಡುವುದಕ್ಕೆ ಒಂದೂ ಇಲ್ಲವೆಂಬಂತಾಗಿದೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಳ್ಳಿಯಿಂದ ಬಂದವನು, ಹಳಗನ್ನಡದ ಪದ್ಯವನ್ನು ಅನ್ವಯ ತಪ್ಪದಂತೆ ಓದುತ್ತಿದ್ದ. ಅಂತಿಮ ವರ್ಷದಲ್ಲಿ ಬೆನ್ನುನೋವೆಂದು ಮೇಲಿಂದ ಮೇಲೆ ರಜೆ ಹಾಕತೊಡಗಿದ. ಆಮೇಲೆ ಕೆಮ್ಮು, ಕೆಮ್ಮಿನೊಡನೆ ರಕ್ತ. ಕ್ಷಯವಿರಬಹುದೆಂದು ನಾವೆಲ್ಲ ಭಾವಿಸಿದೆವು. ಕೊನೆಗೆ ನಗರದ ಆಸ್ಪತ್ರೆಯಲ್ಲಿ ನಿಜ ಹೊರಬಿತ್ತು. ಎಂಟು ತಿಂಗಳ ಹಿಂದೆಯೇ ಅವನು ಸ್ನಾನ ಮಾಡುವಾಗ ತನ್ನ ಒಂದು ಬೀಜದಲ್ಲಿ ಗಟ್ಟಿಯಾದ ಗಂಟನ್ನು ಕಂಡುಕೊಂಡಿದ್ದ. ನೋವಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ನಾನು ನೋಡಲು ಹೋದಾಗ ಮೆಲ್ಲನೆ ಕೇಳಿದ: “ಏನಂತ ಹೇಳಲಿ ಸಾರ್, ಅವ್ವನ ಹತ್ರ? ಅಪ್ಪನ ಎದುರಿಗೆ ನಿಂತು ಯಾವ ಮಾತು ಆಡಲಿ?” ನನಗೆ ಉತ್ತರ ತೋಚಲಿಲ್ಲ. ಔಷಧಗಳಿಂದ ಗಡ್ಡೆಗಳು ಒಮ್ಮೆ ಕರಗಿದವು, ಮತ್ತೆ ಬಂದವು. ಎರಡನೆಯ ಸಲ ಔಷಧಕ್ಕೆ ಬಗ್ಗಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿಗೆ ಅವನು ತೀರಿಕೊಂಡ. ಮೊದಲೇ ಬಂದಿದ್ದರೆ ಬಹುತೇಕ ಬದುಕುತ್ತಿದ್ದ ಎಂದು ವೈದ್ಯರು ಹೇಳಿದ ಮಾತು ನನ್ನ ಕಿವಿಯಲ್ಲಿ ಇಂದಿಗೂ ಇದೆ.

ಅಂದಿನಿಂದ ಈ ಕಾಯಿಲೆಯನ್ನು ಕುರಿತು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಅವನಂತೆ ಔಷಧಕ್ಕೆ ಬಗ್ಗದ ರೋಗವುಳ್ಳವರಿಗಾಗಿ ಈಚಿನ ವರ್ಷಗಳಲ್ಲಿ ಒಂದು ಹೊಸ ದಾರಿ ತೆರೆಯುತ್ತಿದೆ. ರೋಗಿಯ ರಕ್ತದಲ್ಲಿರುವ ಕಾವಲು ಕೋಶಗಳನ್ನೇ ಹೊರತೆಗೆದು, ಅವುಗಳಿಗೆ ಶತ್ರುವಿನ ಗುರುತನ್ನು ಕಲಿಸಿ, ಮರಳಿ ಮೈಯೊಳಕ್ಕೆ ಕಳುಹಿಸುವ ಚಿಕಿತ್ಸೆ ಅದು. ಈ ಚಿಕಿತ್ಸೆಯ ಸಾರವೆಲ್ಲ ಗುರುತಿಸುವುದರಲ್ಲಿದೆ. ಅದು ಹೇಗೆಂಬುದನ್ನು ಕ್ರಮವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ರೋಗದ ಸ್ವರೂಪ. ಕ್ಯಾನ್ಸರ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ವಯಸ್ಸಾದವರ ಚಿತ್ರ. ವೃಷಣದ ಕ್ಯಾನ್ಸರಾದರೋ ಯೌವನದ ರೋಗ. ಹದಿನೈದರಿಂದ ನಲವತ್ತರವರೆಗಿನ ವಯಸ್ಸಿನವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ನಾರ್ವೆ, ಡೆನ್ಮಾರ್ಕ್‌ಗಳಂಥ ದೇಶಗಳಲ್ಲಿ ವರ್ಷಕ್ಕೆ ಒಂದು ಲಕ್ಷ ಗಂಡಸರಲ್ಲಿ ಸುಮಾರು ಹತ್ತು ಮಂದಿಗೆ ಬರುತ್ತದೆ. ನಮ್ಮ ದೇಶದಲ್ಲಿ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಅಪರೂಪವೆಂಬುದು ಸಮಾಧಾನದ ಮಾತೇ ಹೌದು. ಆದರೆ ಅಪರೂಪವಾದ್ದರಿಂದಲೇ ಯಾರಿಗೂ ಅದರ ಸಂಶಯ ಬರುವುದಿಲ್ಲ. ಹುಟ್ಟುವ ಹೊತ್ತಿಗೆ ಚೀಲಕ್ಕೆ ಇಳಿಯಬೇಕಾದ ಬೀಜ ಹೊಟ್ಟೆಯೊಳಗೇ ಉಳಿದುಕೊಂಡ ಗಂಡುಮಕ್ಕಳಲ್ಲಿ ಈ ರೋಗದ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆದಕಾರಣ ಅಂಥ ಕೂಸುಗಳಿಗೆ ಒಂದು, ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ವೈದ್ಯರು ಹೇಳುತ್ತಾರೆ.

ಈ ರೋಗದ ಹುಟ್ಟು ಒಂದು ವಿಚಿತ್ರ ಕಥೆ. ತಾಯಿಯ ಗರ್ಭದಲ್ಲಿ ಶಿಶು ರೂಪುಗೊಳ್ಳುವ ಮೊದಲ ವಾರಗಳಲ್ಲಿಯೇ ಮುಂದಿನ ಪೀಳಿಗೆಗೆಂದು ಕೆಲವು ಜೀವಕೋಶಗಳು ಬೇರೆಯಾಗಿ ನಿಲ್ಲುತ್ತವೆ. ಇವುಗಳನ್ನು ಬೀಜಕೋಶಗಳೆಂದು ಕರೆಯೋಣ. ಗಂಡುಶಿಶುವಿನಲ್ಲಿ ಇವು ಕ್ರಮವಾಗಿ ಪಕ್ವವಾಗಿ, ಹರೆಯ ಬಂದಾಗ ವೀರ್ಯಾಣುಗಳನ್ನು ಹುಟ್ಟಿಸುವ ಕೋಶಗಳಾಗಬೇಕು. ಎಲ್ಲೋ ಒಂದೆರಡು ಕೋಶಗಳು ಪಕ್ವವಾಗದೆ, ಭ್ರೂಣದ ಸ್ಥಿತಿಯಲ್ಲಿಯೇ ಉಳಿದು, ವರ್ಷಗಟ್ಟಲೆ ಮಲಗಿರುತ್ತವೆ. ಡೆನ್ಮಾರ್ಕಿನ ನೀಲ್ಸ್ ಸ್ಕಾಕೆಬೆಕ್ ಎಂಬ ವೈದ್ಯವಿಜ್ಞಾನಿ ಗಡ್ಡೆಗೆ ಪೂರ್ವರೂಪವಾದ ಇಂಥ ಅಸಹಜ ಕೋಶಗಳನ್ನು 1972ರಲ್ಲಿ ಗುರುತಿಸಿ ವರ್ಣಿಸಿದರು. ಹರೆಯದ ಹಾರ್ಮೋನುಗಳು ಉಕ್ಕಿದ ಮೇಲೆ ಮಲಗಿದ್ದ ಕೋಶ ಎದ್ದು ಗಡ್ಡೆಯಾಗುತ್ತದೆ. ಎದ್ದಾಗಲೂ ಅದರ ನಡತೆ ಭ್ರೂಣದ ನಡತೆಯೇ. ಗರ್ಭಿಣಿಯ ಮೂತ್ರಪರೀಕ್ಷೆಯಲ್ಲಿ ಹುಡುಕುವ ಹಾರ್ಮೋನು ಇಂಥ ಯುವಕರಲ್ಲಿ ಅನೇಕರ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಗರ್ಭಸ್ಥ ಶಿಶುವಿನ ಯಕೃತ್ತು ತಯಾರಿಸುವ ಪ್ರೋಟೀನೊಂದು ಇಪ್ಪತ್ತೈದು ವರ್ಷದ ಗಂಡಸಿನ ಮೈಯಲ್ಲಿ ಮತ್ತೆ ಹರಿಯತೊಡಗುತ್ತದೆ. ಈ ಸಂಗತಿಯನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಹೊಸ ಚಿಕಿತ್ಸೆಯ ಕೀಲಿ ಇದರಲ್ಲಿಯೇ ಇದೆ.

ಈ ಬೀಜಕೋಶಗಳು ಮೊದಲು ಇರುವುದು ಭ್ರೂಣದ ಹೊರಗಿನ ಭಂಡಾರಚೀಲದ ಬಳಿ. ಅಲ್ಲಿಂದ ದೇಹದ ನಡುಗೆರೆಯನ್ನು ಹಿಡಿದು ಪ್ರಯಾಣ ಮಾಡಿ ತಮ್ಮ ನೆಲೆಯನ್ನು ಸೇರುತ್ತವೆ. ದಾರಿ ತಪ್ಪಿದವು ಎದೆಯಲ್ಲೋ ತಲೆಯಲ್ಲೋ ಉಳಿದುಕೊಂಡು ಮುಂದೆ ಅಲ್ಲಿಯೇ ಗಡ್ಡೆಯಾಗುವುದೂ ಉಂಟು. 2011ರ ವಿಶ್ವಕಪ್ ಕ್ರಿಕೆಟ್ಟಿನಲ್ಲಿ ಸರಣಿಯ ಶ್ರೇಷ್ಠ ಆಟಗಾರನೆನಿಸಿದ ಯುವರಾಜ್ ಸಿಂಗ್ ಅವರ ಎದೆಯಲ್ಲಿ ಬೆಳೆದದ್ದು ಇದೇ ಕುಲದ ಗಡ್ಡೆ. ಅಮೆರಿಕದಲ್ಲಿ ಚಿಕಿತ್ಸೆ ಪಡೆದು 2012ರ ಸೆಪ್ಟೆಂಬರಿನಲ್ಲಿ ಅವರು ಮತ್ತೆ ಭಾರತದ ಪರವಾಗಿ ಆಡಿದರು. ಕ್ಯಾನ್ಸರ್ ಎಂಬ ಮಾತನ್ನೇ ಆಡಲು ಅಂಜುತ್ತಿದ್ದ ನಮ್ಮ ಎಷ್ಟೋ ಮನೆಗಳಲ್ಲಿ ಅಂದು ಆ ಮಾತು ಬಾಯಿಗೆ ಬಂತು.

ಅವರನ್ನು ಉಳಿಸಿದ ಔಷಧಗಳಲ್ಲಿ ಮುಖ್ಯವಾದುದು ಸಿಸ್‌ಪ್ಲಾಟಿನ್. ಅದು ಸಿಕ್ಕಿದ್ದು ಆಕಸ್ಮಿಕವಾಗಿ. 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ಭೌತವಿಜ್ಞಾನಿ ವಿದ್ಯುತ್ ಕ್ಷೇತ್ರದಲ್ಲಿ ಬ್ಯಾಕ್ಟೀರಿಯಾಗಳ ವರ್ತನೆಯನ್ನು ಪರೀಕ್ಷಿಸುತ್ತಿದ್ದರು. ಅವು ಎರಡಾಗಿ ಒಡೆಯುವುದನ್ನು ನಿಲ್ಲಿಸಿ ನೂಲಿನಂತೆ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲವೆಂದು ಆಮೇಲೆ ತಿಳಿಯಿತು. ಪಾತ್ರೆಯಲ್ಲಿದ್ದ ಪ್ಲಾಟಿನಮ್ ಕಡ್ಡಿಗಳಿಂದ ಕರಗಿ ಬಂದ ಸಂಯುಕ್ತವೊಂದು ಕೋಶವಿಭಜನೆಯನ್ನು ತಡೆದಿತ್ತು. 1840ರ ದಶಕದಲ್ಲಿಯೇ ಇಟಲಿಯ ರಸಾಯನವಿಜ್ಞಾನಿಯೊಬ್ಬರು ತಯಾರಿಸಿದ್ದ, ಆದರೆ ಔಷಧವಾದೀತೆಂದು ಯಾರೂ ಎಣಿಸದಿದ್ದ ವಸ್ತು ಅದು. ವಿಭಜನೆಯನ್ನು ತಡೆಯುವುದಾದರೆ ಎಗ್ಗಿಲ್ಲದೆ ವಿಭಜಿಸುವ ಕ್ಯಾನ್ಸರಿನ ಮೇಲೆ ಏಕೆ ಪ್ರಯೋಗಿಸಬಾರದು ಎಂದು ರೋಸೆನ್‌ಬರ್ಗ್ ಯೋಚಿಸಿದರು. ಇಲಿಗಳಲ್ಲಿ ಗಡ್ಡೆಗಳು ಕರಗಿದ ವಾರ್ತೆ 1969ರಲ್ಲಿ ಪ್ರಕಟವಾಯಿತು.

ಅದುವರೆಗೆ ವೃಷಣದ ಕ್ಯಾನ್ಸರ್ ಮೈಗೆಲ್ಲ ಹರಡಿತೆಂದರೆ ಬದುಕುಳಿಯುವವರು ಹತ್ತರಲ್ಲಿ ಒಬ್ಬರೋ ಎಂಬಷ್ಟು ಕಡಿಮೆ. ಇಂಡಿಯಾನಾ ವಿಶ್ವವಿದ್ಯಾನಿಲಯದ ತರುಣ ವೈದ್ಯ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ಸಿಸ್‌ಪ್ಲಾಟಿನ್ನನ್ನು ಬೇರೆ ಎರಡು ಔಷಧಗಳೊಡನೆ ಕೂಡಿಸಿ ಕೊಟ್ಟರು. ಹತ್ತರಲ್ಲಿ ಏಳರಷ್ಟು ರೋಗಿಗಳಲ್ಲಿ ಗಡ್ಡೆಗಳು ಪೂರ್ತಿಯಾಗಿ ಮಾಯವಾದವು. 1978ರಲ್ಲಿ ಅಮೆರಿಕದ ಸರ್ಕಾರ ಈ ಔಷಧಕ್ಕೆ ಅನುಮತಿ ನೀಡಿತು. ಸೈಕಲ್ ಸ್ಪರ್ಧೆಯ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1996ರಲ್ಲಿ ಚಿಕಿತ್ಸೆ ಪಡೆದದ್ದೂ, ನಮ್ಮ ಯುವರಾಜ್ 2012ರಲ್ಲಿ ಹೋದದ್ದೂ ಇದೇ ಐನ್‌ಹಾರ್ನ್ ಅವರ ಬಳಿಗೆ. ಇಂದು ಒಳ್ಳೆಯ ಚಿಕಿತ್ಸೆ ದೊರೆಯುವ ಕಡೆಗಳಲ್ಲಿ ಈ ರೋಗ ಬಂದವರಲ್ಲಿ ನೂರಕ್ಕೆ ಸುಮಾರು 95 ಮಂದಿ ಗುಣವಾಗುತ್ತಾರೆ. ಹರಡಿದ ಮೇಲೆ ಬಂದವರಲ್ಲಿಯೂ ನೂರಕ್ಕೆ 80ರಷ್ಟು ಮಂದಿ ಉಳಿಯುತ್ತಾರೆ. ಕ್ಯಾನ್ಸರಿನ ಇತಿಹಾಸದಲ್ಲಿ ಇಂಥ ವಿಜಯಗಳು ಹೆಚ್ಚಿಲ್ಲ.

ಆದರೆ ಉಳಿದ ಕೆಲವರ ಗತಿಯೇನು? ಮೊದಲ ಔಷಧಗಳಿಗೆ ಮಣಿಯದವರಿಗೆ, ಅಥವಾ ಮಣಿದಂತೆ ಮಾಡಿ ರೋಗ ಮರುಕಳಿಸಿದವರಿಗೆ, ಬೇರೆ ಔಷಧಗಳ ಜೋಡಣೆಯಿದೆ. ಅದೂ ಸಾಲದಾದಾಗ ರೋಗಿಯ ರಕ್ತದ ಮೂಲಕೋಶಗಳನ್ನು ಮೊದಲೇ ತೆಗೆದಿಟ್ಟು, ಮೂಳೆಯ ಮಜ್ಜೆ ಬತ್ತಿಹೋಗುವಷ್ಟು ಪ್ರಬಲವಾದ ಪ್ರಮಾಣದಲ್ಲಿ ಔಷಧ ಕೊಟ್ಟು, ಆ ಮೂಲಕೋಶಗಳನ್ನು ಮರಳಿ ತುಂಬುವ ವಿಧಾನವಿದೆ. ಈ ಕ್ರಮದಲ್ಲಿ ಚಿಕಿತ್ಸೆ ಪಡೆದ 184 ರೋಗಿಗಳ ವಿವರವನ್ನು ಐನ್‌ಹಾರ್ನ್ ತಂಡದವರು 2007ರಲ್ಲಿ ಪ್ರಕಟಿಸಿದರು. ಅವರಲ್ಲಿ 116 ಮಂದಿಯಲ್ಲಿ ರೋಗ ಪೂರ್ತಿ ಇಳಿದು, ಅಲ್ಲಿಯವರೆಗೆ ಮರಳಿರಲಿಲ್ಲ. ಇಷ್ಟೆಲ್ಲ ಆದಮೇಲೂ ರೋಗ ಮರಳಿದವನಿಗೆ ಹೇಳಿಕೊಳ್ಳುವಂಥ ಮದ್ದಿರಲಿಲ್ಲ. ಅವನ ವಯಸ್ಸು ಇಪ್ಪತ್ತೈದು, ಮೂವತ್ತು. ಅವನ ಎದುರಿಗೆ ಕುಳಿತ ವೈದ್ಯರ ಕೈ ಖಾಲಿ.

ಇಲ್ಲಿಂದ ನಮ್ಮ ಕಥೆ ದೇಹದ ರಕ್ಷಣಾವ್ಯವಸ್ಥೆಯ ಕಡೆಗೆ ತಿರುಗುತ್ತದೆ. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಟಿ-ಕೋಶಗಳೆಂಬ ಒಂದು ಪಡೆಯಿದೆ. ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಇವು ತರಬೇತಿ ಪಡೆಯುವುದರಿಂದ ಆ ಹೆಸರು. ಆ ಗ್ರಂಥಿಯ ಮಹತ್ವವನ್ನು 1961ರಲ್ಲಿ ಮೊದಲು ತೋರಿಸಿಕೊಟ್ಟವರು ಜಾಕ್ ಮಿಲ್ಲರ್. ಅಲ್ಲಿಯ ಪರೀಕ್ಷೆ ಬಹು ಕಠಿಣ. ತನ್ನ ದೇಹದ ಮೇಲೆಯೇ ಕೈಮಾಡುವ ಕೋಶಕ್ಕೂ, ಏನನ್ನೂ ಗುರುತಿಸಲಾರದ ಕೋಶಕ್ಕೂ ಅಲ್ಲಿ ಮರಣವೇ ಗತಿ. ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಕೋಶಗಳು ಹೀಗೆ ಅಲ್ಲಿಯೇ ಅಳಿಯುತ್ತವೆ. ತೇರ್ಗಡೆಯಾದವು ಮೈಯೆಲ್ಲ ಸುತ್ತಾಡುತ್ತ, ಪ್ರತಿಯೊಂದು ಜೀವಕೋಶದ ಹೊಸ್ತಿಲಲ್ಲಿ ನಿಂತು ಒಳಗಿನ ಸಮಾಚಾರವನ್ನು ವಿಚಾರಿಸುತ್ತವೆ. ಕೋಶಗಳು ತಮ್ಮೊಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಗೆ ಎತ್ತಿ ತೋರಿಸುತ್ತವೆ. ಪರಕೀಯವಾದ ಚೂರು ಕಂಡರೆ ಟಿ-ಕೋಶ ಅಲ್ಲಿಯೇ ಆ ಕೋಶವನ್ನು ಕೊಲ್ಲುತ್ತದೆ. ವೈರಸ್ಸು ಹೊಕ್ಕ ಕೋಶ ನಾಶವಾಗುವುದು ಹೀಗೆಯೇ.

ಕ್ಯಾನ್ಸರಿನ ಕೋಶವಾದರೋ ಹೊರಗಿನಿಂದ ಬಂದದ್ದಲ್ಲ. ನಮ್ಮ ಮನೆಯಲ್ಲಿಯೇ ಹುಟ್ಟಿ ಹಾದಿಗೆಟ್ಟ ಕೂಸು ಅದು. ಜೊತೆಗೆ ಚೂರುಗಳನ್ನು ಎತ್ತಿ ತೋರಿಸುವ ಕೆಲಸವನ್ನೇ ಎಷ್ಟೋ ಕ್ಯಾನ್ಸರ್ ಕೋಶಗಳು ನಿಲ್ಲಿಸಿಬಿಡುತ್ತವೆ. ಕಾವಲುಗಾರನ ಕೈಯನ್ನು ತಡೆಯುವ ಸಂಜ್ಞೆಗಳನ್ನೂ ಕೊಡುತ್ತವೆ. ಆ ತಡೆಯನ್ನು ತೆಗೆದುಹಾಕುವ ಮಾರ್ಗವನ್ನು ಕಂಡುಕೊಂಡ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ಬಂತು. ಚರ್ಮದ, ಶ್ವಾಸಕೋಶದ ಕೆಲವು ಕ್ಯಾನ್ಸರುಗಳಲ್ಲಿ ಆ ಬಗೆಯ ಔಷಧಗಳು ಅದ್ಭುತವನ್ನೇ ಮಾಡಿದವು. ಅದೇ 2018ರಲ್ಲಿ ಇಂಡಿಯಾನಾದಿಂದ ಬಂದ ವರದಿ ಮಾತ್ರ ನಿರಾಶೆಯದು. ಔಷಧಕ್ಕೆ ಬಗ್ಗದ ವೃಷಣ ಕ್ಯಾನ್ಸರಿನ 12 ರೋಗಿಗಳಿಗೆ ಇಂಥ ಔಷಧವನ್ನು ಕೊಟ್ಟು ನೋಡಿದಾಗ ಒಬ್ಬರಲ್ಲಿಯೂ ಗಡ್ಡೆ ಹೇಳುವಷ್ಟು ಕುಗ್ಗಲಿಲ್ಲ. ಕೈಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿದರೂ ಕಾವಲುಗಾರನಿಗೆ ಕಳ್ಳನ ಮುಖವೇ ತಿಳಿಯದಿದ್ದರೆ ಪ್ರಯೋಜನವೇನು?

ಹಾಗಾದರೆ ಮುಖಪರಿಚಯವನ್ನೇ ಮಾಡಿಸಿದರೆ? ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಶ್ಹಾರ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ಪ್ರಯೋಗಶಾಲೆಯಲ್ಲಿ ಸಾಧಿಸಿ ತೋರಿಸಿದರು. ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳಿವೆ. ಒಂದೊಂದು ಪ್ರತಿಕಾಯವೂ ಒಂದೊಂದು ಆಕಾರವನ್ನು ಬೀಗಕ್ಕೆ ಕೀಲಿಕೈ ಹೊಂದುವಂತೆ ಹಿಡಿದುಕೊಳ್ಳಬಲ್ಲದು, ಆದರೆ ತಾನಾಗಿ ಕೊಲ್ಲಲಾರದು. ಟಿ-ಕೋಶಕ್ಕೆ ಕೊಲ್ಲುವ ಶಕ್ತಿಯಿದೆ, ಹಿಡಿಯುವ ಕೈಯಿಲ್ಲ. ಪ್ರತಿಕಾಯದ ಹಿಡಿಯನ್ನು ಟಿ-ಕೋಶದ ಪ್ರಚೋದಕ ತಂತಿಗೆ ಜೋಡಿಸಿ ಒಂದೇ ಗ್ರಾಹಕವನ್ನಾಗಿ ಮಾಡಿದ್ದು ಎಶ್ಹಾರರ ಸಾಧನೆ. ಹೀಗೆ ಬೇರೆ ಬೇರೆ ಪ್ರಾಣಿಗಳ ಅಂಗಗಳನ್ನು ಕೂಡಿಸಿದಂಥ ರಚನೆಯಾದ್ದರಿಂದ, ಗ್ರೀಕ್ ಪುರಾಣದ ಮಿಶ್ರಮೃಗವೊಂದರ ಹೆಸರನ್ನು ಹಿಡಿದು ಇದನ್ನು ಕೈಮೆರಿಕ್ ಗ್ರಾಹಕವೆಂದು ಕರೆದರು. ಬೇಲೂರು ಹಳೇಬೀಡುಗಳ ಗೋಡೆಯ ಪಟ್ಟಿಕೆಗಳಲ್ಲಿ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲಗಳನ್ನು ಒಂದುಗೂಡಿಸಿದ ಮಕರವನ್ನು ಕಂಡವರಿಗೆ ಈ ಕಲ್ಪನೆ ಹೊಸದಲ್ಲ. ಈ ಗ್ರಾಹಕವನ್ನು ತೊಟ್ಟ ಟಿ-ಕೋಶವೇ ಇಂದು ಕಾರ್-ಟಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಎತ್ತಿ ತೋರಿಸುವ ಚೂರುಗಳಿಗಾಗಿ ಅದು ಕಾಯಬೇಕಾಗಿಲ್ಲ. ಕ್ಯಾನ್ಸರ್ ಕೋಶದ ಹೊರಮೈಯ ಮೇಲಿನ ಗುರುತನ್ನು ನೇರವಾಗಿ ಹಿಡಿಯಬಲ್ಲದು.

ಚಿಕಿತ್ಸೆಯ ಕ್ರಮ ಹೀಗೆ. ರೋಗಿಯ ರಕ್ತವನ್ನು ಯಂತ್ರವೊಂದರ ಮೂಲಕ ಹಾಯಿಸಿ ಬಿಳಿಯ ಕಣಗಳನ್ನು ಬೇರ್ಪಡಿಸಿಕೊಂಡು ಉಳಿದ ರಕ್ತವನ್ನು ಮೈಗೆ ಹಿಂದಿರುಗಿಸುತ್ತಾರೆ. ಕೇಡು ಮಾಡುವ ಶಕ್ತಿಯನ್ನು ಕಳೆದ ವೈರಸ್ಸಿನ ಮೂಲಕ ಹೊಸ ಗ್ರಾಹಕದ ವಂಶವಾಹಿಯನ್ನು ಟಿ-ಕೋಶಗಳೊಳಕ್ಕೆ ಸೇರಿಸುತ್ತಾರೆ. ಆ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಕೋಟಿಗಟ್ಟಲೆ ಬೆಳೆಸುತ್ತಾರೆ. ಅನಂತರ ರೋಗಿಗೆ ಕೆಲವು ದಿನ ಔಷಧ ಕೊಟ್ಟು, ಹಳೆಯ ಟಿ-ಕೋಶಗಳನ್ನು ಕಡಿಮೆ ಮಾಡಿ, ಹೊಸಬರಿಗೆ ಜಾಗ ಬಿಡಿಸಿ, ರಕ್ತ ಏರಿಸುವಂತೆಯೇ ನರದ ಮೂಲಕ ಏರಿಸುತ್ತಾರೆ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ರಕ್ತದ ಕ್ಯಾನ್ಸರಿನಿಂದ ಸಾವಿನ ಅಂಚಿಗೆ ಬಂದಿದ್ದ ಆರು ವರ್ಷದ ಬಾಲಕಿಯೊಬ್ಬಳಿಗೆ ಕಾರ್ಲ್ ಜೂನ್ ಎಂಬ ವಿಜ್ಞಾನಿಯ ತಂಡ ಸಿದ್ಧಪಡಿಸಿದ ಇಂಥ ಕೋಶಗಳನ್ನು ಏರಿಸಿದರು. ಯುದ್ಧ ಎಷ್ಟು ಉಗ್ರವಾಯಿತೆಂದರೆ ಜ್ವರದಿಂದ ಮಗುವಿನ ಪ್ರಾಣವೇ ಹೋಗುವ ಹಾಗಿತ್ತು. ರಕ್ತದಲ್ಲಿ ಉಕ್ಕಿದ್ದ ಒಂದು ಸಂದೇಶ ಪ್ರೋಟೀನನ್ನು ತಡೆಯುವ, ಸಂಧಿವಾತಕ್ಕೆ ಬಳಸುವ ಮದ್ದೊಂದು ಜೂನ್ ಅವರಿಗೆ ನೆನಪಿಗೆ ಬಂತು. ಅವರ ಮಗಳಿಗೇ ಸಂಧಿವಾತವಿದ್ದುದರಿಂದ ಅದರ ಪರಿಚಯವಿತ್ತು. ಅದನ್ನು ಕೊಟ್ಟಾಗ ಜ್ವರ ಇಳಿಯಿತು. ಕ್ಯಾನ್ಸರೂ ಹೋಯಿತು. 2017ರಲ್ಲಿ ಈ ಚಿಕಿತ್ಸೆಗೆ ಅಮೆರಿಕದ ಅನುಮತಿ ದೊರೆಯಿತು.

ರಕ್ತದ ಕ್ಯಾನ್ಸರಿನಲ್ಲಿ ಗೆದ್ದ ಉಪಾಯ ಗಡ್ಡೆಯ ಕ್ಯಾನ್ಸರಿನಲ್ಲಿ ಏಕೆ ಸುಲಭವಾಗಿ ಗೆಲ್ಲಲಿಲ್ಲ? ಗುರುತಿನ ತೊಡಕೇ ಇದಕ್ಕೆ ಒಂದು ದೊಡ್ಡ ಕಾರಣ. ಆ ಬಾಲಕಿಯ ರೋಗದಲ್ಲಿ ಹಿಡಿದ ಗುರುತು ಬಿ-ಕೋಶಗಳೆಂಬ ಒಂದು ಜಾತಿಯ ರಕ್ತಕಣಗಳಲ್ಲಿದ್ದುದು. ರೋಗಗ್ರಸ್ತವಾದವುಗಳ ಜೊತೆಗೆ ಆರೋಗ್ಯವಂತ ಬಿ-ಕೋಶಗಳೂ ಸಾಯುತ್ತವೆ. ಆದರೆ ಅವಿಲ್ಲದೆಯೂ ಮನುಷ್ಯ ಬದುಕಬಲ್ಲ. ಹೊರಗಿನಿಂದ ಪ್ರತಿಕಾಯಗಳನ್ನು ಕೊಟ್ಟು ಕಾಪಾಡಬಹುದು. ಗಡ್ಡೆಗಳ ಮೇಲಿನ ಗುರುತುಗಳಾದರೋ ಬಹುಪಾಲು ಶ್ವಾಸಕೋಶ, ಹೃದಯ, ಯಕೃತ್ತುಗಳಂಥ ಜೀವಾಳದ ಅಂಗಗಳಲ್ಲಿಯೂ ಅಷ್ಟಿಷ್ಟು ಇರುವಂಥವು. ಅವನ್ನು ನಂಬಿ ಸೈನ್ಯವನ್ನು ಕಳುಹಿಸಿದರೆ ಊರನ್ನೇ ಸುಟ್ಟಂತಾಗುತ್ತದೆ. ಗಡ್ಡೆಯಲ್ಲಿ ಮಾತ್ರ ಇದ್ದು, ಬೆಳೆದ ದೇಹದ ಬೇರೆ ಯಾವ ಅಂಗದಲ್ಲಿಯೂ ಇರದ ಗುರುತೊಂದು ಬೇಕಾಗಿತ್ತು.

ಅಂಥ ಗುರುತು ಸಿಕ್ಕಿದ್ದು ಭ್ರೂಣದಲ್ಲಿ. ದೇಹದ ಒಳಪದರಗಳಲ್ಲಿ ಜೀವಕೋಶಗಳು ಒಂದಕ್ಕೊಂದು ಒತ್ತಾಗಿ, ನಡುವೆ ನೀರೂ ಸೋರದಂತೆ ಕೂಡಿಕೊಂಡಿರುತ್ತವೆ. ಇಟ್ಟಿಗೆಗಳ ನಡುವಿನ ಗಾರೆಯಂತೆ ಅವುಗಳನ್ನು ಬೆಸೆಯುವ ಪ್ರೋಟೀನುಗಳನ್ನು ಜಪಾನಿನ ಕ್ಯೋಟೋದಲ್ಲಿ ಶೋಇಚಿರೋ ತ್ಸುಕಿತಾ ಅವರ ತಂಡ 1998ರಲ್ಲಿ ಕಂಡುಹಿಡಿದು, ಮುಚ್ಚು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಕ್ಲಾಡಿನ್ ಎಂಬ ಹೆಸರಿಟ್ಟಿತು. ಈ ಕುಟುಂಬದ ಸದಸ್ಯರು ಇಪ್ಪತ್ತಕ್ಕೂ ಹೆಚ್ಚು. ಅವರಲ್ಲಿ ಆರನೆಯ ಸಂಖ್ಯೆಯ ಕ್ಲಾಡಿನ್ ಗರ್ಭದ ಶಿಶುವಿನ ಅಂಗಗಳಲ್ಲಿ ಕಾಣಿಸಿಕೊಂಡು, ಶಿಶು ಬೆಳೆದ ಮೇಲೆ ಮರೆಯಾಗುತ್ತದೆ. ಬೆಳೆದವರ ಆರೋಗ್ಯವಂತ ಅಂಗಗಳಲ್ಲಿ ಅದರ ಸುಳಿವು ಇಲ್ಲವೆನ್ನಬಹುದು. ಆದರೆ ಭ್ರೂಣದ ಸ್ಥಿತಿಯನ್ನು ಬಿಡದೆ ಉಳಿದ ಬೀಜಕೋಶದಿಂದ ಹುಟ್ಟಿದ ವೃಷಣದ ಗಡ್ಡೆಗಳು ಆ ಹಳೆಯ ಗುರುತನ್ನು ತೊಟ್ಟುಕೊಂಡೇ ಇರುತ್ತವೆ. ಅಂಡಾಶಯದ ಕೆಲವು ಕ್ಯಾನ್ಸರುಗಳಲ್ಲಿಯೂ ಅದು ಕಾಣುತ್ತದೆ. ಶಾಕುಂತಲವನ್ನು ಓದಿದವರಿಗೆ ಅಭಿಜ್ಞಾನವೆಂಬ ಮಾತಿನ ಅರ್ಥವನ್ನು ನಾನು ಹೇಳಬೇಕಾಗಿಲ್ಲ. ಅಲ್ಲಿ ಕಳೆದುಹೋದ ಉಂಗುರ ಸಿಕ್ಕಾಗ ಮರೆತವರ ನೆನಪಾಗುತ್ತದೆ. ಇಲ್ಲಿ ಮೈಯೆಲ್ಲ ಮರೆತು ಕಳಚಿಟ್ಟ ಉಂಗುರವನ್ನು ಒಬ್ಬನು ಮಾತ್ರ ಬೆರಳಿನಿಂದ ತೆಗೆಯದೆ ಇದ್ದಾನೆ. ಆ ಉಂಗುರವೇ ಅವನನ್ನು ಹಿಡಿದುಕೊಡುತ್ತದೆ.

ಈ ಗುರುತನ್ನು ಹಿಡಿದು ಹೊರಟವರು ಜರ್ಮನಿಯ ಮೈಂಜ್ ನಗರದ ಬಯೋನ್‌ಟೆಕ್ ಸಂಸ್ಥೆಯವರು. ಕೋವಿಡ್ ಪಿಡುಗಿನ ಕಾಲದಲ್ಲಿ ಲಸಿಕೆಯಿಂದ ಹೆಸರಾದ ಉವುರ್ ಶಾಹಿನ್ ಮತ್ತು ಓಜ್ಲೆಮ್ ತ್ಯುರೆಜಿ ದಂಪತಿಗಳು ಸ್ಥಾಪಿಸಿದ ಸಂಸ್ಥೆ ಅದು. ಅವರ ಮುಂದೆ ಇನ್ನೊಂದು ತೊಡಕಿತ್ತು. ಮೈಯೊಳಗೆ ಕಳುಹಿಸಿದ ಕಾರ್-ಟಿ ಕೋಶಗಳು ಗಡ್ಡೆಯ ರೋಗಿಗಳಲ್ಲಿ ಬಹುಬೇಗ ಕ್ಷೀಣಿಸಿಬಿಡುತ್ತವೆ. ರಕ್ತದ ಕ್ಯಾನ್ಸರಿನಲ್ಲಾದರೆ ಶತ್ರು ಎಲ್ಲೆಲ್ಲಿಯೂ ಎದುರಾಗಿ ಅವುಗಳ ಸಂಖ್ಯೆ ವೃದ್ಧಿಯಾಗುತ್ತದೆ. ಗಡ್ಡೆ ಒಂದು ಮೂಲೆಯಲ್ಲಿ ಅಡಗಿದ್ದರೆ ಹಾಗಾಗುವುದಿಲ್ಲ. ಇದಕ್ಕೆ ಅವರು ಲಸಿಕೆಯ ಉಪಾಯವನ್ನೇ ಹೂಡಿದರು. ಕ್ಲಾಡಿನ್ ತಯಾರಿಸುವ ಸಂದೇಶವನ್ನು ಹೊತ್ತ ಆರ್‌ಎನ್‌ಎಯನ್ನು ಕೊಬ್ಬಿನ ಕಣಗಳಲ್ಲಿ ಸುತ್ತಿ ರಕ್ತಕ್ಕೆ ಕೊಟ್ಟರೆ, ದುಗ್ಧಗ್ರಂಥಿಗಳಲ್ಲಿರುವ ಶಿಕ್ಷಕ ಕೋಶಗಳು ಆ ಗುರುತನ್ನು ತಯಾರಿಸಿ ಎತ್ತಿ ತೋರಿಸುತ್ತವೆ. ಕಾರ್-ಟಿ ಕೋಶಗಳು ಅದನ್ನು ಕಂಡು ಮತ್ತೆ ಮತ್ತೆ ಹುರುಪುಗೊಂಡು ವೃದ್ಧಿಸುತ್ತವೆ. ಮಗ್ಗಿಯನ್ನು ಮರೆಯದಂತೆ ದಿನವೂ ಒಪ್ಪಿಸಿಕೊಳ್ಳುವ ಮೇಷ್ಟರ ಕೆಲಸವೇ ಇದು. ಇಲಿಗಳಲ್ಲಿ ಇದು ಫಲಿಸಿದ ವಾರ್ತೆ 2020ರ ಜನವರಿಯಲ್ಲಿ ಪ್ರಕಟವಾಯಿತು.

ಅನಂತರ ಮನುಷ್ಯರಲ್ಲಿ ಪರೀಕ್ಷೆ ನಡೆಯಿತು. ಜರ್ಮನಿಯ ಎರ್ಲಾಂಗನ್, ನೆದರ್‌ಲೆಂಡ್ಸಿನ ಆಮ್‌ಸ್ಟರ್‌ಡಾಮ್ ಮೊದಲಾದ ಕಡೆಯ ವೈದ್ಯರು ಸೇರಿ ನಡೆಸಿದ ಈ ಪರೀಕ್ಷೆಯ ಮೊದಲ ಘಟ್ಟದ ಫಲಿತಾಂಶವನ್ನು ಆಂಡ್ರೆಯಾಸ್ ಮಾಕೆನ್‌ಸೆನ್, ಯಾನ್ ಹಾನೆನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವರು 22 ಮಂದಿ. ಎಲ್ಲರೂ ಬೇರೆ ಚಿಕಿತ್ಸೆಗಳನ್ನು ಪಡೆದು ರೋಗ ಮರಳಿದವರು ಅಥವಾ ಮಣಿಯದವರು. ಫಲವನ್ನು ಅಳೆಯಲು ಸಾಧ್ಯವಾದ 21 ಮಂದಿಯಲ್ಲಿ 7 ಮಂದಿಯ ಗಡ್ಡೆಗಳು ಗಣನೀಯವಾಗಿ ಕುಗ್ಗಿದವು. ಒಬ್ಬರಲ್ಲಿ ಪೂರ್ತಿಯಾಗಿ ಮಾಯವಾದವು. ಇನ್ನೂ 7 ಮಂದಿಯಲ್ಲಿ ರೋಗ ಮುಂದುವರಿಯದೆ ನಿಂತಿತು. ಬೀಜಕೋಶದ ಗಡ್ಡೆಗಳಿದ್ದು ಹೆಚ್ಚಿನ ಪ್ರಮಾಣದ ಕೋಶಗಳನ್ನು ಪಡೆದ 7 ಮಂದಿಯಲ್ಲಿ 4 ಮಂದಿಗೆ ಗುಣ ಕಂಡಿತು. ಬೇರೆ ಮದ್ದೇ ಉಳಿದಿರದ ರೋಗಿಗಳಲ್ಲಿ ಏಳಕ್ಕೆ ನಾಲ್ಕು ಎಂಬುದು ಸಣ್ಣ ಮಾತಲ್ಲ.

ಆದರೂ ಈ ಮಾತನ್ನು ತೂಗಿ ಆಡಬೇಕು. ಏಳು ಮಂದಿ ಎಂಬುದು ಬಹಳ ಚಿಕ್ಕ ಸಂಖ್ಯೆ. ಗಡ್ಡೆ ಕುಗ್ಗುವುದೆಂದರೆ ರೋಗಮುಕ್ತಿಯೆಂದು ಅರ್ಥವಲ್ಲ. ಕುಗ್ಗಿದ್ದು ಮತ್ತೆ ಬೆಳೆಯಬಹುದು. ಆ ಬಾಲಕಿಗೆ ಬಂದಂಥ ಜ್ವರದ ಉಪದ್ರವ ಈ 22 ಮಂದಿಯಲ್ಲಿ 10 ಮಂದಿಗೆ ಬಂತು. ಒಬ್ಬರಲ್ಲಿ ಅದು ತೀವ್ರವಾಗಿತ್ತು, ಉಳಿದವರಲ್ಲಿ ಅಷ್ಟಾಗಿರಲಿಲ್ಲ. ರಕ್ತದ ಕ್ಯಾನ್ಸರಿಗೆ ಬಳಸುವ ಕಾರ್-ಟಿ ಚಿಕಿತ್ಸೆಗಳ ಅನಂತರ ಅಪರೂಪವಾಗಿ ಟಿ-ಕೋಶಗಳದೇ ಕ್ಯಾನ್ಸರ್ ಹುಟ್ಟಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ಎಚ್ಚರಿಕೆಯ ಬರಹವನ್ನು ಕಡ್ಡಾಯ ಮಾಡಿದರು. ವೃಷಣದ ಕ್ಯಾನ್ಸರಿಗೆ ಈ ಚಿಕಿತ್ಸೆ ಇನ್ನೂ ಪರೀಕ್ಷೆಯ ಘಟ್ಟದಲ್ಲಿರುವುದು. ಆಸ್ಪತ್ರೆಗೆ ಹೋಗಿ ಕೇಳಿ ಪಡೆಯುವಂಥದಲ್ಲ. ಹಾಗೆ ಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ನಂಬಬಾರದು.

ವೆಚ್ಚದ ಮಾತೂ ಇದೆ. 2017ರಲ್ಲಿ ಅಮೆರಿಕದಲ್ಲಿ ಮೊದಲು ಬಂದ ಕಾರ್-ಟಿ ಚಿಕಿತ್ಸೆಯ ಬೆಲೆ 4,75,000 ಡಾಲರು. ನಮ್ಮಲ್ಲಿ ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಕೂಡಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ವಿದೇಶದ ಬೆಲೆಯ ಹತ್ತರಲ್ಲೊಂದು ಭಾಗದಷ್ಟರಲ್ಲಿ ಅದು ದೊರೆಯುತ್ತದೆ. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ಇನ್ನೊಂದನ್ನು ಹೊರತಂದಿತು. ಇವೆರಡೂ ಬಿ-ಕೋಶಗಳ ಕ್ಯಾನ್ಸರುಗಳಿಗೆ ಮೀಸಲಾದವು. ನಾನು ಹೇಳುತ್ತಿರುವ ರೋಗಕ್ಕಲ್ಲ. ಆದರೆ ಕೋಶಗಳನ್ನು ತೆಗೆದು, ತಿದ್ದಿ, ಬೆಳೆಸಿ, ಹಿಂದಿರುಗಿಸುವ ಕುಶಲತೆ ನಮ್ಮ ಊರಿಗೇ ಬಂದಿದೆ. ಕ್ಲಾಡಿನ್ ಗುರುತಿನ ಚಿಕಿತ್ಸೆ ಪರೀಕ್ಷೆಗಳಲ್ಲಿ ನಿಂತು ಗೆದ್ದರೆ ಅದನ್ನು ಇಲ್ಲಿ ತಯಾರಿಸಬಲ್ಲ ಕೈಗಳು ಸಿದ್ಧವಾಗಿರುತ್ತವೆ ಎಂಬುದು ಸಮಾಧಾನ. ಹತ್ತರಲ್ಲೊಂದು ಭಾಗವೂ ಹಳ್ಳಿಯ ತಂದೆಯೊಬ್ಬನಿಗೆ ಜಮೀನು ಮಾರಿದರೂ ಸಾಲದ ಮೊತ್ತವೆಂಬುದನ್ನು ಮಾತ್ರ ಮರೆಯಲಾಗದು.

ಆದಕಾರಣ ಕೊನೆಯಲ್ಲಿ ಕಾಸು ಖರ್ಚಿಲ್ಲದ ಚಿಕಿತ್ಸೆಯ ಮಾತಿಗೇ ಮರಳುತ್ತೇನೆ. ಹದಿನೈದು ದಾಟಿದ ಗಂಡುಮಕ್ಕಳು ತಿಂಗಳಿಗೊಮ್ಮೆ, ಬಿಸಿನೀರಿನ ಸ್ನಾನವಾದ ಮೇಲೆ, ಎರಡೂ ಬೀಜಗಳನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಮೆಲ್ಲನೆ ಉರುಳಿಸಿ ನೋಡಿಕೊಳ್ಳಬಹುದು. ಒಂದು ಇನ್ನೊಂದಕ್ಕಿಂತ ತುಸು ದೊಡ್ಡದಿರುವುದೂ, ಒಂದು ಕೆಳಗೆ ಜೋತಿರುವುದೂ ಸಹಜ. ಹಿಂಭಾಗದಲ್ಲಿ ಮೃದುವಾದ ಎಳೆಯಂಥ ನಾಳವಿರುವುದೂ ಸಹಜ. ಹೊಸದಾಗಿ ಕಂಡ ಗಟ್ಟಿ ಗಂಟು, ಊತ, ಭಾರ ಇವು ಸಹಜವಲ್ಲ. ನೋವಿಲ್ಲವೆಂದು ಸುಮ್ಮನಿರಬಾರದು, ಈ ರೋಗದಲ್ಲಿ ನೋವು ಅನೇಕ ವೇಳೆ ಇರುವುದೇ ಇಲ್ಲ. ರೋಗವೆಂದು ಖಚಿತವಾದರೂ ತೆಗೆಯುವುದು ಒಂದನ್ನು. ಉಳಿದ ಒಂದರಿಂದ ಗಂಡಸುತನಕ್ಕಾಗಲಿ ಸಂತಾನಕ್ಕಾಗಲಿ ಸಾಮಾನ್ಯವಾಗಿ ಕೊರತೆ ಬಾರದು. ಔಷಧ ಮೊದಲಾಗುವ ಮುನ್ನ ವೀರ್ಯವನ್ನು ಶೀತಲದಲ್ಲಿ ಕಾಪಿಡುವ ಏರ್ಪಾಡೂ ಇದೆ.

ಆ ಹುಡುಗ ನನ್ನನ್ನು ಕೇಳಿದ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲವೆಂದೆ. ಇಂದು ಇದ್ದಿದ್ದರೆ ಹೀಗೆ ಹೇಳುತ್ತಿದ್ದೆ: “ಅವ್ವ, ನನ್ನ ಬೀಜದಲ್ಲಿ ಗಂಟಾಗಿದೆ, ಡಾಕ್ಟರಿಗೆ ತೋರಿಸಬೇಕು ಅಂತ ಹೇಳಪ್ಪ. ಅಷ್ಟೇ ಸಾಕು. ಹೊಲಕ್ಕೆ ಬೀಜ ಬಿತ್ತುವವಳು ಅವಳು. ಆ ಮಾತು ಅವಳಿಗೆ ಅರ್ಥವಾಗುತ್ತದೆ.” ಈ ಮಾತನ್ನು ಕೇಳುತ್ತಿರುವ ತಂದೆತಾಯಂದಿರು ಮಕ್ಕಳು ಕೇಳುವವರೆಗೆ ಕಾಯದೆ ತಾವೇ ಒಮ್ಮೆ ಈ ವಿಷಯವನ್ನು ಎತ್ತಿದರೆ, ಹುಡುಗನೂ ನಾಚಬೇಕಾಗಿ ಬರುವುದಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಆ ಮಾತನ್ನು ಆಡಿಬಿಡಬೇಕೆಂದು ಕೇಳಿಕೊಳ್ಳುತ್ತೇನೆ.